ಬೆಂಗಳೂರು ನಗರ ಪೊಲೀಸ್ ಕಾನ್‌ಸ್ಟೇಬಲ್ ಆಗುವುದು ಹೇಗೆ: ಅರ್ಜಿಯಿಂದ ನೇಮಕಾತಿ ಆದೇಶದವರೆಗೆ

ಪೊಲೀಸ್ ಆಗಬೇಕು ಎಂದು ಹೊರಟವರಲ್ಲಿ ಬಹಳಷ್ಟು ಜನ ಮೊದಲು ಹೋಗುವುದು ಮೈದಾನಕ್ಕೆ. ಬೆಳಗ್ಗೆ ಐದಕ್ಕೆ ಎದ್ದು ಓಡುತ್ತಾರೆ, ಸಂಜೆ ಜಿಮ್‌ಗೆ ಹೋಗುತ್ತಾರೆ, ಪುಸ್ತಕವನ್ನು ಮಾತ್ರ ಅಧಿಸೂಚನೆ ಬಂದ ಮೇಲೆ ತೆರೆಯುತ್ತಾರೆ. ಓಡುವುದು ಒಳ್ಳೆಯದೇ. ಆದರೆ ಸಿವಿಲ್ ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಮೊದಲು ನಡೆಯುವುದು ಲಿಖಿತ ಪರೀಕ್ಷೆ. ಅಲ್ಲಿ ಪಡೆದ ಅಂಕವೇ ಕೊನೆಯ ಪಟ್ಟಿಯವರೆಗೂ ನಿಮ್ಮ ಜೊತೆ ಬರುತ್ತದೆ. ಓಟಕ್ಕೆ, ಜಿಗಿತಕ್ಕೆ ಅಂಕವಿಲ್ಲ. ಪಾಸಾಗಬೇಕು, ಅಷ್ಟೇ. ಸಂದರ್ಶನವೂ ಇಲ್ಲ.

ಹಾಗಾಗಿ ಈ ಆಯ್ಕೆ ಯಾವ ಕ್ರಮದಲ್ಲಿ ನಡೆಯುತ್ತದೆ ಎಂಬುದನ್ನು ಮೊದಲು ತಲೆಯಲ್ಲಿ ಕೂರಿಸಿಕೊಳ್ಳಿ. ಆನ್‌ಲೈನ್ ಅರ್ಜಿ, ಲಿಖಿತ ಪರೀಕ್ಷೆ, ಮೈಯಳತೆ ಮತ್ತು ಓಟ-ಜಿಗಿತ, ಮೂಲ ದಾಖಲೆ ಪರಿಶೀಲನೆ, ವೈದ್ಯಕೀಯ ತಪಾಸಣೆ, ನಡತೆ ಪರಿಶೀಲನೆ, ಆಮೇಲೆ ನೇಮಕಾತಿ ಆದೇಶ. ಜನ ಸೋಲುವುದು ಬಹುತೇಕ ತಾವು ಗಮನವೇ ಕೊಡದ ಹಂತದಲ್ಲಿ. ಓಟದಲ್ಲಿ ಮುಂದಿದ್ದವರು ಲಿಖಿತದಲ್ಲಿ ಬೀಳುತ್ತಾರೆ. ಲಿಖಿತದಲ್ಲಿ ಒಳ್ಳೆ ಅಂಕ ಬಂದವರು ಒಂದು ಪ್ರಮಾಣಪತ್ರದ ದಿನಾಂಕದಿಂದ ಹೊರಗುಳಿಯುತ್ತಾರೆ. ಈ ಎರಡನೇ ಥರದ ಸೋಲು ತುಂಬಾ ನೋವು ಕೊಡುತ್ತದೆ, ಯಾಕೆಂದರೆ ಒಂದು ದಿನದ ಓಡಾಟದಲ್ಲಿ ಅದನ್ನು ತಪ್ಪಿಸಬಹುದಿತ್ತು.

ಯಾವ ಹುದ್ದೆ, ಯಾವ ಘಟಕ

ನಗರದಲ್ಲಿ ಖಾಕಿ ತೊಟ್ಟವರೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಠಾಣೆಯಲ್ಲಿ ಕೂತು ದೂರು ಕೇಳುವವರು, ಬೀಟ್ ತಿರುಗುವವರು, ಸಮನ್ಸ್-ವಾರಂಟ್ ಹಿಡಿದು ಹೋಗುವವರು, ಕೋರ್ಟ್ ಡ್ಯೂಟಿ ಮಾಡುವವರು, ಸಂಚಾರ ನೋಡುವವರು ಸಿವಿಲ್ ಪೊಲೀಸರು. ಕೈದಿಗಳನ್ನು ಕೋರ್ಟಿಗೆ ಕರೆದೊಯ್ಯುವುದು, ಗಾರ್ಡ್ ಡ್ಯೂಟಿ, ಗಣ್ಯರ ಭದ್ರತೆ, ಗಲಭೆ ಸಮಯದ ಬಂದೋಬಸ್ತ್ ಇವೆಲ್ಲ ನಗರ ಸಶಸ್ತ್ರ ಮೀಸಲು ಪಡೆಯ ಕೆಲಸ. ಎಲ್ಲರೂ ಇದನ್ನು ಸಿಎಆರ್ ಎನ್ನುತ್ತಾರೆ. ಜಿಲ್ಲೆಗಳಲ್ಲಿ ಇದೇ ಕೆಲಸಕ್ಕೆ ಡಿಎಆರ್, ಅಂದರೆ ಜಿಲ್ಲಾ ಸಶಸ್ತ್ರ ಮೀಸಲು ಪಡೆ ಇದೆ. ಕೆಎಸ್ಆರ್‌ಪಿ, ಅಂದರೆ ಕರ್ನಾಟಕ ರಾಜ್ಯ ಮೀಸಲು ಪೊಲೀಸ್ ಪಡೆ, ಬೇರೆಯೇ. ಅದು ಬೆಟಾಲಿಯನ್ ವ್ಯವಸ್ಥೆ, ರಾಜ್ಯದಲ್ಲಿ ಎಲ್ಲಿ ಕರೆದರೂ ಹೋಗಬೇಕು.

ಓದಿನ ಅರ್ಹತೆಯೂ ಬೇರೆ ಬೇರೆ. ಇತ್ತೀಚಿನ ವರ್ಷಗಳ ಅಧಿಸೂಚನೆಗಳಲ್ಲಿ ಸಿವಿಲ್ ಕಾನ್‌ಸ್ಟೇಬಲ್‌ಗೆ ಪಿಯುಸಿ ಅಥವಾ ಅದಕ್ಕೆ ಸಮನಾದ ಓದು ಬೇಕು, ಸಿಎಆರ್ ಮತ್ತು ಡಿಎಆರ್‌ಗೆ ಎಸ್ಸೆಸ್ಸೆಲ್ಸಿ ಸಾಕು. ವಯಸ್ಸು ಸಿವಿಲ್‌ಗೆ ಕನಿಷ್ಠ 19, ಸಶಸ್ತ್ರ ಪಡೆಗೆ 18. ಮೇಲ್ಮಿತಿ ಸಾಮಾನ್ಯ ವರ್ಗಕ್ಕೆ 25, ಪರಿಶಿಷ್ಟ ಜಾತಿ-ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ 27 ಎಂದು ನಡೆದು ಬಂದಿದೆ. ನೇಮಕಾತಿ ತಡವಾದಾಗ ಸರ್ಕಾರ ಒಂದು ಬಾರಿಗೆ ಸಡಿಲಿಕೆ ಕೊಡುವುದೂ ಉಂಟು. ಆದ್ದರಿಂದ ವಯಸ್ಸು ಮೀರಿತು ಎಂದು ಬೇರೆಯವರ ಮಾತು ಕೇಳಿ ಕೈಬಿಡಬೇಡಿ. ಈ ಬಾರಿಯ ಅಧಿಸೂಚನೆಯನ್ನು ನೀವೇ ಓದಿ.

ಇನ್ನು ಘಟಕ. ಕಾನ್‌ಸ್ಟೇಬಲ್ ನೇಮಕಾತಿ ಘಟಕವಾರು ನಡೆಯುತ್ತದೆ. ಬೆಂಗಳೂರು ನಗರ ಒಂದು ಘಟಕ, ಮೈಸೂರು ನಗರ ಇನ್ನೊಂದು, ಪ್ರತಿ ಜಿಲ್ಲೆಯೂ ಒಂದೊಂದು. ರಾಜ್ಯದಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ಹೀಗೆ ಆರು ಕಡೆ ಪೊಲೀಸ್ ಕಮಿಷನರ್ ಕಚೇರಿಗಳಿವೆ. ಅರ್ಜಿಯಲ್ಲಿ ಒಂದು ಘಟಕವನ್ನು ಆರಿಸಿದರೆ ನಿಮ್ಮ ಪೈಪೋಟಿ ಆ ಘಟಕಕ್ಕೆ ಅರ್ಜಿ ಹಾಕಿದವರ ಜೊತೆ ಮಾತ್ರ. ಒಂದೇ ಅಂಕ ಒಂದು ಘಟಕದಲ್ಲಿ ಕೆಲಸ ಕೊಡಿಸಬಹುದು, ಇನ್ನೊಂದರಲ್ಲಿ ಕೊಡಿಸದಿರಬಹುದು.

ಬೆಂಗಳೂರಿಗೆ ಹುದ್ದೆ ಜಾಸ್ತಿ ಇರುತ್ತವೆ. ದೂರದ ಜಿಲ್ಲೆಗಳವರು ಇಲ್ಲಿಗೆ ಅರ್ಜಿ ಹಾಕುವುದು ಅದಕ್ಕೇ. ಆಮೇಲೆ ಊರ ಕಡೆ ವರ್ಗ ಮಾಡಿಸಿಕೊಂಡರಾಯಿತು ಎಂಬ ಲೆಕ್ಕವೂ ಹಲವರಲ್ಲಿರುತ್ತದೆ. ಆ ಲೆಕ್ಕವನ್ನು ನಂಬಬೇಡಿ. ಕಾನ್‌ಸ್ಟೇಬಲ್‌ಗಳ ಸೇವಾ ಹಿರಿತನ ಘಟಕದೊಳಗೇ ಇರುತ್ತದೆ, ಬೇರೆ ಘಟಕಕ್ಕೆ ಹೋಗುವುದು ಸುಲಭವಲ್ಲ. ಬೆಂಗಳೂರಿನ ಮನೆ ಬಾಡಿಗೆ, ರಾತ್ರಿ ಪಾಳಿ, ಹೊಸ ವರ್ಷದ ರಾತ್ರಿ ಬ್ರಿಗೇಡ್ ರಸ್ತೆಯ ಜನಸಂದಣಿ, ಗಣೇಶ ಮೆರವಣಿಗೆ, ಚಿನ್ನಸ್ವಾಮಿ ಕ್ರೀಡಾಂಗಣದ ಪಂದ್ಯ ಇವುಗಳ ನಡುವೆ ವರ್ಷಗಟ್ಟಲೆ ಬದುಕಬಲ್ಲೆ ಅನ್ನಿಸಿದರೆ ಮಾತ್ರ ಬೆಂಗಳೂರು ಆರಿಸಿ. ಅರ್ಜಿ ಹಾಕುವ ಮೊದಲು ಪರಿಚಯದ ಕಾನ್‌ಸ್ಟೇಬಲ್ ಒಬ್ಬರನ್ನು ಕಂಡು ಅರ್ಧ ಗಂಟೆ ಮಾತಾಡಿ. ಗಸ್ತು ತಿರುಗುವ ಹೊಯ್ಸಳ ವಾಹನದಲ್ಲಿ ಒಂದು ರಾತ್ರಿ ಹೇಗಿರುತ್ತದೆ, ವಾರದ ರಜೆ ಎಷ್ಟು ಬಾರಿ ಸಿಗುತ್ತದೆ ಎಂದು ನೇರವಾಗಿ ಕೇಳಿ. ಮನೆಯವರನ್ನೂ ಆ ಮಾತಿಗೆ ಕೂರಿಸಿಕೊಳ್ಳಿ.

ಅಧಿಸೂಚನೆಗೆ ಮೊದಲೇ ಕಾಗದಪತ್ರ

ಅಧಿಸೂಚನೆ ಬಂದ ಮೇಲೆ ತಹಶೀಲ್ದಾರ್ ಕಚೇರಿಗೆ ಓಡುವವರ ಸಾಲು ಉದ್ದವಿರುತ್ತದೆ. ನೀವು ಅದಕ್ಕೂ ಮೊದಲೇ ಮುಗಿಸಿರಿ. ಮೀಸಲಾತಿ ಪ್ರಮಾಣಪತ್ರಗಳನ್ನು ಸಾಮಾನ್ಯವಾಗಿ ಅರ್ಜಿಯ ಕೊನೆಯ ದಿನಾಂಕದೊಳಗೆ ಪಡೆದಿರಬೇಕು, ಮತ್ತು ಆ ದಿನ ಅವು ಚಾಲ್ತಿಯಲ್ಲಿರಬೇಕು. ಮಾರನೇ ದಿನ ತಂದರೆ ನಿಮ್ಮ ಮೀಸಲಾತಿ ಹೋಗುತ್ತದೆ, ಅರ್ಜಿ ಸಾಮಾನ್ಯ ವರ್ಗಕ್ಕೆ ಜಾರುತ್ತದೆ. ಅಲ್ಲಿ ವಯಸ್ಸು ಮೀರಿದ್ದರೆ ಪೂರ್ತಿ ಹೊರಗೆ.

ಜಾತಿ ಪ್ರಮಾಣಪತ್ರ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಗಳಿಗೆ ನಮೂನೆ ಎಫ್. ಈ ಎಫ್ ನಮೂನೆಯಲ್ಲಿ ಆದಾಯವೂ ಸೇರಿರುವುದರಿಂದ ಅದಕ್ಕೆ ಅವಧಿ ಇದೆ. ಹಳೆಯದು ಮನೆಯಲ್ಲಿದೆ ಎಂದು ಸುಮ್ನೆ ಕೂರಬೇಡಿ, ತೆಗೆದು ದಿನಾಂಕ ನೋಡಿ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೂ ಪ್ರತ್ಯೇಕ ಮೀಸಲಾತಿ ಇದೆ. ಎರಡೂ ನಿಮಗೆ ಅನ್ವಯಿಸಿದರೆ ಎರಡೂ ಪ್ರಮಾಣಪತ್ರ ಮಾಡಿಸಿ. ಗ್ರಾಮೀಣ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ಮತ್ತು ಬಿಇಒ ಮೇಲುಸಹಿ ಬೇಕು. ಶಾಲೆ ಬದಲಾಯಿಸಿದವರು ಓದಿದ ಎಲ್ಲ ಶಾಲೆಗಳಿಂದಲೂ ತರಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿರುತ್ತದೆ ಎಂಬುದು ನೆನಪಿರಲಿ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ ಆ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯಡಿಯ ಅರ್ಹತಾ ಪ್ರಮಾಣಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ ಸಿಗುತ್ತದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ರಾಜ್ಯ ಸರ್ಕಾರ 2021ರಲ್ಲಿ ಶೇ 1ರಷ್ಟು ಮೀಸಲಾತಿ ಕೊಟ್ಟಿದೆ. ಅದೇ ವರ್ಷದ ಕೊನೆಗೆ ಪೊಲೀಸ್ ನೇಮಕಾತಿಯಲ್ಲೂ ಅವರಿಂದ ಅರ್ಜಿ ಕರೆಯಲಾಯಿತು. ಈ ದಾರಿ ತೆರೆದಿದೆ ಎಂದು ಗೊತ್ತಿಲ್ಲದವರು ಇನ್ನೂ ಇದ್ದಾರೆ, ಪರಿಚಯದವರಿದ್ದರೆ ದಯವಿಟ್ಟು ತಿಳಿಸಿ.

ಹೆಸರಿನ ವಿಷಯಕ್ಕೂ ಒಂದು ದಿನ ಕೊಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ ಮೂರರಲ್ಲೂ ಹೆಸರು, ತಂದೆಯ ಹೆಸರು ಒಂದೇ ಥರ ಇವೆಯೇ ನೋಡಿ. ಜನ್ಮದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ದಾಖಲೆಯೇ ಆಧಾರ. ವ್ಯತ್ಯಾಸವಿದ್ದರೆ ಈಗಲೇ ಸರಿಪಡಿಸಿಕೊಳ್ಳಿ.

ಅರ್ಜಿ ತುಂಬುವ ದಿನ

ಅರ್ಜಿ ಪೊಲೀಸ್ ಇಲಾಖೆಯ ನೇಮಕಾತಿ ವೆಬ್‌ಸೈಟ್‌ನಲ್ಲಿ. ಸೈಬರ್ ಸೆಂಟರ್‌ನಲ್ಲಿ ತುಂಬಿಸುವುದಾದರೆ ಪಕ್ಕದಲ್ಲೇ ಕೂತು ಪ್ರತಿ ಸಾಲು ಓದಿ. ಅಲ್ಲಿಯವರು ದಿನಕ್ಕೆ ಹತ್ತಾರು ಅರ್ಜಿ ತುಂಬುತ್ತಾರೆ, ನಿಮಗಿರುವುದು ಒಂದೇ. ಮೊಬೈಲ್ ನಂಬರ್ ಮತ್ತು ಇಮೇಲ್ ನಿಮ್ಮದೇ ಇರಲಿ, ಸೆಂಟರ್‌ನವರದ್ದು ಬೇಡ. ಪ್ರವೇಶಪತ್ರದ ಸಂದೇಶ ಬರುವುದು ಅಲ್ಲಿಗೇ. ಮೀಸಲಾತಿ ಕೇಳುವ ಅಂಕಣಗಳಲ್ಲಿ ಹೌದು ಎಂದು ಗುರುತು ಮಾಡದಿದ್ದರೆ ಆಮೇಲೆ ಪ್ರಮಾಣಪತ್ರ ತೋರಿಸಿದರೂ ಉಪಯೋಗವಿಲ್ಲ. ಶುಲ್ಕ ಕಟ್ಟಿದ ರಸೀದಿ, ಅರ್ಜಿಯ ಪ್ರತಿ ಎರಡನ್ನೂ ಇಟ್ಟುಕೊಳ್ಳಿ. ಕೊನೆಯ ದಿನದವರೆಗೆ ಕಾಯಬೇಡಿ, ಆ ಹೊತ್ತಿಗೆ ಸರ್ವರ್ ನಿಧಾನವಾಗುತ್ತದೆ.

ಲಿಖಿತ ಪರೀಕ್ಷೆ

ಹೆಚ್ಚು ಶ್ರಮ ಇಲ್ಲಿ ಹಾಕಿ. ನೂರು ಪ್ರಶ್ನೆ, ನೂರು ಅಂಕ, ಒಂದೂವರೆ ಗಂಟೆ. ಒಂದು ಪ್ರಶ್ನೆಗೆ ಸರಾಸರಿ 54 ಸೆಕೆಂಡ್ ಸಿಗುತ್ತದೆ, ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆಯಲ್ಲಿ ಗುರುತು ಮಾಡುವುದೂ ಸೇರಿ. ತಪ್ಪು ಉತ್ತರಕ್ಕೆ 0.25 ಅಂಕ ಕಳೆಯುತ್ತಾರೆ.

ಈ ಕಾಲು ಅಂಕಕ್ಕೆ ಹೆದರಿ ಅರ್ಧ ಪತ್ರಿಕೆ ಬಿಟ್ಟು ಬರುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತ ತಪ್ಪು ಎಂದು ನಿಮಗೆ ಗೊತ್ತಿದೆ ಅಂದುಕೊಳ್ಳಿ. ಉಳಿದ ಎರಡರಲ್ಲಿ ಒಂದನ್ನು ಆರಿಸುತ್ತೀರಿ. ಅಂಥ ನಾಲ್ಕು ಪ್ರಶ್ನೆಗಳಲ್ಲಿ ಸರಾಸರಿ ಎರಡು ಸರಿ, ಎರಡು ತಪ್ಪು. ಎರಡು ಅಂಕ ಬಂತು, ಅರ್ಧ ಹೋಯಿತು, ಒಂದೂವರೆ ಉಳಿಯಿತು. ಹಾಗಾಗಿ ಎರಡನ್ನು ತಳ್ಳಿಹಾಕಲು ಆದರೆ ಉತ್ತರಿಸಿ. ಏನೂ ಗೊತ್ತಿಲ್ಲದ ಪ್ರಶ್ನೆಯಲ್ಲಿ ಕಣ್ಣುಮುಚ್ಚಿ ಗುರುತು ಮಾಡಿದರೆ ಸಿಗುವ ಲಾಭ ತೀರಾ ಸಣ್ಣದು, ಅದರ ಮೇಲೆ ಸಮಯ ಹಾಕಬೇಡಿ.

ಓದಲು ಏನು? ಆರರಿಂದ ಹತ್ತನೇ ತರಗತಿವರೆಗಿನ ರಾಜ್ಯ ಪಠ್ಯಪುಸ್ತಕಗಳಿಂದ ಶುರು ಮಾಡಿ. ಸಮಾಜ ವಿಜ್ಞಾನ ಮತ್ತು ವಿಜ್ಞಾನ ಎರಡೂ. ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಪಿಡಿಎಫ್ ಉಚಿತ. ಸಾವಿರಾರು ರೂಪಾಯಿಯ ಗೈಡ್‌ಗಳಿಗೆ ದುಡ್ಡು ಸುರಿಯುವ ಮೊದಲು ಇವನ್ನು ಎರಡು ಬಾರಿ ಓದಿ. ಕದಂಬರಿಂದ ಏಕೀಕರಣದವರೆಗಿನ ಕರ್ನಾಟಕದ ಇತಿಹಾಸ, ಸಂವಿಧಾನ, ನದಿ-ಅಣೆಕಟ್ಟು, ದಿನಬಳಕೆಯ ವಿಜ್ಞಾನ ಇವೆಲ್ಲ ಅಲ್ಲಿವೆ. ಜೊತೆಗೆ ದಿನಕ್ಕೊಂದು ಕನ್ನಡ ಪತ್ರಿಕೆ. ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳಿಗೆ ಓದುವುದಕ್ಕಿಂತ ಬಿಡಿಸುವುದು ಮುಖ್ಯ. ದಿನಾ ಇಪ್ಪತ್ತು ಪ್ರಶ್ನೆ ಗಡಿಯಾರ ಇಟ್ಟುಕೊಂಡು ಬಿಡಿಸಿ.

ಹಳೇ ಗೈಡ್ ಬಳಸುವವರು ಒಂದನ್ನು ಗಮನಿಸಿ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಮೂರೂ ಹೋಗಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಎಫ್‌ಐಆರ್ ಎಂದರೆ ಸಿಆರ್‌ಪಿಸಿ 154 ಎಂದು ಬಾಯಿಪಾಠ ಮಾಡಿದ್ದರೆ, ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ. ತುರ್ತು ಸಹಾಯಕ್ಕೆ 112, ಸೈಬರ್ ವಂಚನೆಗೆ 1930, ಮಕ್ಕಳ ಸಹಾಯಕ್ಕೆ 1098. ಪರೀಕ್ಷೆಯಲ್ಲಿ ಬರಲಿ ಬಿಡಲಿ, ಪೊಲೀಸ್ ಆಗುವವರಿಗೆ ಇವು ಗೊತ್ತಿರಲೇಬೇಕು.

ಮನೆಯಲ್ಲಿ ಅಭ್ಯಾಸ ಮಾಡುವಾಗ ಒಎಂಆರ್ ಹಾಳೆಯ ಪ್ರಿಂಟ್ ತೆಗೆದುಕೊಂಡು ಪೆನ್ನಿನಲ್ಲೇ ತುಂಬಿ. ಒಂದು ಪ್ರಶ್ನೆ ಬಿಟ್ಟು ಮುಂದಿನ ಸಾಲಿನಲ್ಲಿ ಗುರುತು ಹಾಕುತ್ತಾ ಹೋದರೆ ಪೂರ್ತಿ ಪತ್ರಿಕೆ ಹಾಳು. ಪರೀಕ್ಷೆಯ ದಿನ ಬಟ್ಟೆ, ಶೂ, ಆಭರಣದ ಬಗ್ಗೆ ಪ್ರವೇಶಪತ್ರದಲ್ಲಿ ಬರೆದಿರುವುದನ್ನು ಹಿಂದಿನ ರಾತ್ರಿಯೇ ಓದಿ. ತುಂಬು ತೋಳಿನ ಅಂಗಿ ತೊಟ್ಟು ಹೋಗಿ ಗೇಟಿನಲ್ಲಿ ಗಾಬರಿಯಾದರೆ ಮೊದಲ ಹತ್ತು ಪ್ರಶ್ನೆ ಅದಕ್ಕೇ ಬಲಿ. ಒಎಂಆರ್‌ನ ಕಾರ್ಬನ್ ಪ್ರತಿ ಕೊಟ್ಟರೆ ಜೋಪಾನ ಮಾಡಿ. ಕೀ ಉತ್ತರ ಪ್ರಕಟವಾದಾಗ ಹೋಲಿಸಿ ನೋಡಿ, ತಪ್ಪು ಕಂಡರೆ ಕೊಟ್ಟ ಗಡುವಿನೊಳಗೆ ಪಠ್ಯಪುಸ್ತಕದ ಪುಟ ಲಗತ್ತಿಸಿ ಆಕ್ಷೇಪಣೆ ಹಾಕಿ. ಒಂದು ಅಂಕದಲ್ಲಿ ಪಟ್ಟಿಯೇ ಬದಲಾಗುತ್ತದೆ.

ದುಡ್ಡು ಕೇಳುವವರು

ಇದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಒಎಂಆರ್ ಹಾಳೆ ತಿದ್ದಿದ್ದು, ಬ್ಲೂಟೂತ್ ಬಳಸಿದ್ದು ಸಿಐಡಿ ತನಿಖೆಯಲ್ಲಿ ಹೊರಬಿತ್ತು. ಅಭ್ಯರ್ಥಿಗಳು, ಮಧ್ಯವರ್ತಿಗಳು ಮಾತ್ರವಲ್ಲ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ (ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕ) ಕೂಡ ಬಂಧನಕ್ಕೊಳಗಾದರು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಆ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ್ದು 2024ರ ಜನವರಿ 23ರಂದು. ನಡುವೆ ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕವಾಗಿ ಬರೆದವರೂ ಕಾದರು. ಕೆಲವರಿಗೆ ಆ ವರ್ಷಗಳು ಮತ್ತೆ ಸಿಗುವಂಥವಲ್ಲ.

ಆದ್ದರಿಂದ ಯಾರಾದರೂ ನಿಮ್ಮ ಅಪ್ಪನ ಹತ್ತಿರ ಬಂದು ಇಷ್ಟು ಲಕ್ಷ ಕೊಡಿ, ಒಳಗೆ ನಮ್ಮವರಿದ್ದಾರೆ ಎಂದರೆ ಹೊಲ ಅಡವಿಡುವ ಮಾತೇ ಬೇಡ. ಬಹುತೇಕ ಅದು ಬರೀ ಮೋಸ. ನಿಜವಾಗಿಯೂ ಒಳಗೆ ಯಾರಾದರೂ ಇದ್ದರೆ ಇನ್ನೂ ಅಪಾಯ, ಆಗ ನೀವೂ ಆರೋಪಿ. ನೇಮಕಾತಿ ಪರೀಕ್ಷೆಗಳ ಅಕ್ರಮ ತಡೆಯಲು ರಾಜ್ಯ 2023ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿದೆ. ಮನೆಯಲ್ಲಿ ಈ ಮಾತು ಬಂದಾಗ ಅಪ್ಪ ಅಮ್ಮನಿಗೆ ನೀವೇ ಕೂತು ಹೇಳಬೇಕಾಗುತ್ತದೆ. ಅವರು ನಿಮ್ಮ ಮೇಲಿನ ಪ್ರೀತಿಯಿಂದ ದುಡ್ಡು ಕೊಡಲು ಹೊರಡುತ್ತಾರೆ, ಅದಕ್ಕೇ ತಡೆಯುವುದು ಕಷ್ಟ. ಆದರೂ ತಡೆಯಿರಿ.

ಮೈದಾನ

ಲಿಖಿತ ಪರೀಕ್ಷೆಯ ಅಂಕದ ಮೇಲೆ ಒಂದು ಹುದ್ದೆಗೆ ಐವರಂತೆ ಮೈದಾನಕ್ಕೆ ಕರೆಯುವ ಪದ್ಧತಿ ಇದೆ. ಮೊದಲು ಅಳತೆ. ಪುರುಷರಿಗೆ ಎತ್ತರ 168 ಸೆಂ.ಮೀ., ಎದೆ ಪೂರ್ತಿ ಉಬ್ಬಿಸಿದಾಗ 86 ಸೆಂ.ಮೀ., ಅದರಲ್ಲಿ ಕನಿಷ್ಠ 5 ಸೆಂ.ಮೀ. ಹಿಗ್ಗಬೇಕು. ಮಹಿಳೆಯರಿಗೆ ಎತ್ತರ 157 ಸೆಂ.ಮೀ., ತೂಕ 45 ಕೆ.ಜಿ. ಬುಡಕಟ್ಟು ಸಮುದಾಯಗಳಿಗೆ ಕಡಿಮೆ ಅಳತೆ ಇದೆ. ಎತ್ತರವನ್ನು ಮನೆಯ ಗೋಡೆಗೆ ಗೆರೆ ಎಳೆದು ನಂಬಬೇಡಿ. ಅರ್ಜಿ ಹಾಕುವ ಮೊದಲೇ ಆಸ್ಪತ್ರೆಯಲ್ಲೋ ಕ್ರೀಡಾಂಗಣದಲ್ಲೋ ಸರಿಯಾಗಿ ಅಳೆಸಿ. ಒಂದು ಸೆಂಟಿಮೀಟರ್ ಕಡಿಮೆ ಇದ್ದರೂ ಆ ದಿನ ಯಾರೂ ಏನೂ ಮಾಡಲಾಗುವುದಿಲ್ಲ.

ಪುರುಷರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಉದ್ದ ಜಿಗಿತ 3.80 ಮೀಟರ್ ಅಥವಾ ಎತ್ತರ ಜಿಗಿತ 1.20 ಮೀಟರ್, ಎರಡರಲ್ಲಿ ಒಂದು. 7.26 ಕೆ.ಜಿ. ಗುಂಡನ್ನು 5.60 ಮೀಟರ್ ಎಸೆಯಬೇಕು. ಮಹಿಳೆಯರಿಗೆ 400 ಮೀಟರ್ ಓಟ ಎರಡು ನಿಮಿಷದಲ್ಲಿ, ಉದ್ದ ಜಿಗಿತ 2.50 ಅಥವಾ ಎತ್ತರ ಜಿಗಿತ 0.90 ಮೀಟರ್, 4 ಕೆ.ಜಿ. ಗುಂಡು 3.75 ಮೀಟರ್. ಜಿಗಿತ ಮತ್ತು ಗುಂಡಿಗೆ ಮೂರು ಅವಕಾಶ. ಓಟಕ್ಕೆ ಒಂದೇ.

ಆರೂವರೆ ನಿಮಿಷ ಎಂದರೆ 400 ಮೀಟರಿನ ನಾಲ್ಕು ಸುತ್ತು, ಪ್ರತಿ ಸುತ್ತಿಗೆ 97 ಸೆಕೆಂಡ್. ಸೋಲುವವರು ಮೊದಲ ಸುತ್ತನ್ನು 75 ಸೆಕೆಂಡಿಗೆ ಓಡಿ ಮೂರನೆಯದರಲ್ಲಿ ಸುಸ್ತಾಗುತ್ತಾರೆ. ಪಕ್ಕದವರು ಮುಂದೆ ಹೋದರೆ ಹೋಗಲಿ, ನಿಮ್ಮ ಪೈಪೋಟಿ ಗಡಿಯಾರದ ಜೊತೆ. ಪ್ರತಿ ಸುತ್ತನ್ನು 90 ಸೆಕೆಂಡಿನಲ್ಲಿ ಓಡುವ ಅಭ್ಯಾಸ ಮಾಡಿ, ಆರು ನಿಮಿಷಕ್ಕೆ ಮುಗಿಯುತ್ತದೆ, ಅರ್ಧ ನಿಮಿಷ ಕೈಯಲ್ಲಿ ಉಳಿಯುತ್ತದೆ. ವಾರದಲ್ಲಿ ಎರಡು ದಿನ ಸುತ್ತುಗಳನ್ನು ಬಿಡಿಬಿಡಿಯಾಗಿ ವೇಗದಲ್ಲಿ, ಎರಡು ದಿನ ನಾಲ್ಕೈದು ಕಿಲೋಮೀಟರ್ ನಿಧಾನಕ್ಕೆ, ಒಂದು ದಿನ ಪೂರ್ತಿ 1600. ಟಾರ್ ರಸ್ತೆಗಿಂತ ಮಣ್ಣಿನ ಮೈದಾನ ಮೇಲು, ಮೊಣಕಾಲು ಉಳಿಯುತ್ತದೆ.

ಗುಂಡು ಎಸೆತವನ್ನು ಜನ ಕಡೆಗಣಿಸುತ್ತಾರೆ. 5.60 ಮೀಟರ್ ಕೇಳಲು ಕಡಿಮೆ, ಆದರೆ ಕಲ್ಲಿನಲ್ಲಿ ಅಭ್ಯಾಸ ಮಾಡಿದವರಿಗೆ ಕಬ್ಬಿಣದ ಗುಂಡು ಬೇರೆಯೇ ಅನ್ನಿಸುತ್ತದೆ. ಗುಂಡನ್ನು ಕುತ್ತಿಗೆಗೆ ಒತ್ತಿ ಹಿಡಿದು ಸೊಂಟ ತಿರುಗಿಸಿ ತಳ್ಳಬೇಕು. ಚೆಂಡಿನ ಹಾಗೆ ಬೀಸಿದರೆ ಭುಜಕ್ಕೆ ಪೆಟ್ಟು. ಹತ್ತಿರದ ಸರ್ಕಾರಿ ಶಾಲೆಯ ದೈಹಿಕ ಶಿಕ್ಷಕರನ್ನು ಕೇಳಿ, ಬಹಳಷ್ಟು ಜನ ಸಂತೋಷದಿಂದ ಹೇಳಿಕೊಡುತ್ತಾರೆ.

ಲಿಖಿತದ ಫಲಿತಾಂಶಕ್ಕೂ ಮೈದಾನಕ್ಕೂ ನಡುವೆ ಸಿಗುವ ದಿನಗಳು ಕಡಿಮೆ. ಓದುವ ತಿಂಗಳುಗಳಲ್ಲೂ ವಾರಕ್ಕೆ ನಾಲ್ಕು ದಿನ ಓಡುತ್ತಿದ್ದರೆ ಮಾತ್ರ ಮೈದಾನದಲ್ಲಿ ಪಾಸಾಗುವುದು ಸಾಧ್ಯ. ಉತ್ತೇಜಕ ಔಷಧಿ, ಇಂಜೆಕ್ಷನ್‌ಗಳ ಹತ್ತಿರ ಸುಳಿಯಬೇಡಿ.

ವೈದ್ಯಕೀಯ ತಪಾಸಣೆ, ನಡತೆ ಪರಿಶೀಲನೆ

ಕಣ್ಣಿನ ತಪಾಸಣೆಯನ್ನು ಮೊದಲೇ ಮಾಡಿಸಿಕೊಳ್ಳಿ. ಬಣ್ಣ ಗುರುತಿಸಲಾಗದ ತೊಂದರೆ ಇದ್ದರೆ ಆಯ್ಕೆ ಆಗುವುದಿಲ್ಲ, ಮತ್ತು ಅದು ಇರುವುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ವರ್ಷಗಟ್ಟಲೆ ಶ್ರಮಪಟ್ಟ ಮೇಲೆ ತಿಳಿಯುವುದಕ್ಕಿಂತ ಇವತ್ತೇ ತಿಳಿಯುವುದು ಮೇಲು.

ಕೊನೆಗೆ ನಿಮ್ಮ ಊರಿನ ಠಾಣೆಯಿಂದ ನಡತೆ ಪರಿಶೀಲನೆ. ನಮೂನೆಯಲ್ಲಿ ನಿಮ್ಮ ಮೇಲೆ ಪ್ರಕರಣ ಇದೆಯೇ, ಇತ್ತೇ, ಬಂಧನವಾಗಿತ್ತೇ ಎಂದು ಕೇಳುತ್ತಾರೆ. ಊರ ಜಗಳದಲ್ಲಿ ಹೆಸರು ಸೇರಿ, ಆಮೇಲೆ ರಾಜಿಯಾಗಿ ಕೇಸು ಮುಗಿದಿದ್ದರೆ ಇಲ್ಲ ಎಂದು ಬರೆದುಬಿಡುವ ಆಸೆಯಾಗುತ್ತದೆ. ಹಾಗೆ ಮಾಡಬೇಡಿ. 2016ರ ಜುಲೈನಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಈ ವಿಷಯವನ್ನು ಬಿಡಿಸಿ ಹೇಳಿದೆ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣಗಳನ್ನು ಇಲಾಖೆ ಬದಿಗಿಡಬಹುದು. ನಿಜ ಹೇಳಿದರೂ ಅಭ್ಯರ್ಥಿ ಯೋಗ್ಯನೇ ಎಂದು ತೂಗಿ ನೋಡುವ ಹಕ್ಕು ಇಲಾಖೆಗೆ ಇದೆ. ಆದರೆ ಬೇಕೆಂದೇ ಮುಚ್ಚಿಟ್ಟರೆ ಆ ಮುಚ್ಚಿಟ್ಟದ್ದೇ ನೇಮಕಾತಿ ರದ್ದಾಗಲು ಕಾರಣವಾಗಬಹುದು. ಪ್ರಕರಣದ ನಂಬರ್, ಠಾಣೆ, ಕೋರ್ಟಿನ ಆದೇಶದ ಪ್ರತಿ ತೆಗೆದಿಟ್ಟುಕೊಂಡು ಇದ್ದದ್ದನ್ನು ಇದ್ದಂತೆ ಬರೆಯಿರಿ. ಫೇಸ್‌ಬುಕ್, ವಾಟ್ಸ್ಆ್ಯಪ್ ಗುಂಪಿನಲ್ಲಿ ಇನ್ನೊಂದು ಜಾತಿ-ಧರ್ಮದವರ ಬಗ್ಗೆ ಕೆರಳಿಸುವ ಮಾತು ಹಂಚಿಕೊಳ್ಳುವ ಅಭ್ಯಾಸವಿದ್ದರೆ ಅದನ್ನೂ ಇವತ್ತೇ ಬಿಡಿ. ಕೇಸು ಬೀಳುತ್ತದೆ ಎಂಬ ಭಯಕ್ಕಷ್ಟೇ ಅಲ್ಲ. ನಾಳೆ ಠಾಣೆಯ ಬಾಗಿಲಿಗೆ ಅದೇ ಜನ ದೂರು ಹಿಡಿದು ಬರುತ್ತಾರೆ, ಅವರ ಮಾತನ್ನು ಕೇಳಬೇಕಾದವರು ನೀವು.

ಪಟ್ಟಿ ಬಂದ ಮೇಲೆ

ಮೊದಲು ಬರುವುದು ತಾತ್ಕಾಲಿಕ ಆಯ್ಕೆ ಪಟ್ಟಿ. ಅದಕ್ಕೆ ಆಕ್ಷೇಪಣೆ ಹಾಕಲು ಅವಕಾಶವಿರುತ್ತದೆ, ಆಮೇಲೆ ಅಂತಿಮ ಪಟ್ಟಿ. ಹೆಸರು ಬಂದಿದೆ ಎಂದು ಈಗಿರುವ ಕೆಲಸ ಬಿಡಬೇಡಿ, ಸಾಲ ಮಾಡಿ ಊಟ ಹಾಕಿಸಬೇಡಿ. ಕೋರ್ಟಿನ ತಡೆಯಾಜ್ಞೆಯೋ ಮೀಸಲಾತಿಯ ತಕರಾರೋ ಬಂದರೆ ತಿಂಗಳುಗಟ್ಟಲೆ ಎಳೆಯುತ್ತದೆ. ನೇಮಕಾತಿ ಆದೇಶ ಕೈಗೆ ಬಂದು, ವರದಿ ಮಾಡಿಕೊಳ್ಳುವ ದಿನಾಂಕ ಗೊತ್ತಾದ ಮೇಲೆ ರಾಜೀನಾಮೆ ಕೊಡಿ.

ತರಬೇತಿ ಚನ್ನಪಟ್ಟಣ, ಖಾನಾಪುರ, ಥಣಿಸಂದ್ರದಂಥ ಪೊಲೀಸ್ ತರಬೇತಿ ಶಾಲೆಗಳಲ್ಲಿ. ಬೆಳಗಿನ ಪರೇಡ್, ಮಧ್ಯಾಹ್ನ ಕಾನೂನು ಪಾಠ. ಆದೇಶಕ್ಕೆ ಕಾಯುವ ದಿನಗಳಲ್ಲಿ ಓಟ ಬಿಡಬೇಡಿ. ಬೇರೆ ಜಿಲ್ಲೆಯಿಂದ ಬೆಂಗಳೂರಿಗೆ ಬರುವವರು ಆ ಸಮಯದಲ್ಲಿ ಸ್ವಲ್ಪ ಹಿಂದಿ, ತಮಿಳು, ತೆಲುಗು ಕಲಿಯಲು ನೋಡಿ. ಶಿವಾಜಿನಗರದಲ್ಲೋ ಕೆ.ಆರ್. ಪುರದಲ್ಲೋ ದಾರಿ ತಪ್ಪಿದ ಮಗುವೊಂದು ನಿಮ್ಮ ಕೈಗೆ ಸಿಕ್ಕಾಗ ಅದರ ಹೆಸರು, ಅಮ್ಮನ ಹೆಸರು ಕೇಳುವಷ್ಟಾದರೂ ಬರಬೇಕು. ಬ್ಯಾಂಕ್ ಖಾತೆ, ಪ್ಯಾನ್ ಕಾರ್ಡ್, ಹತ್ತಾರು ಪಾಸ್‌ಪೋರ್ಟ್ ಅಳತೆಯ ಫೋಟೊ, ಎಲ್ಲ ಮೂಲ ದಾಖಲೆಗಳ ಮೂರು ಜೊತೆ ಜೆರಾಕ್ಸ್ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ವರದಿ ಮಾಡಿಕೊಳ್ಳುವ ದಿನ ಮೊದಲು ಕೇಳುವುದು ಅದನ್ನೇ.